ಎರವಲು ಹಿರಿಮೆ ಸಾಕು

ನಂಜನಗೂಡು ದಕ್ಷಿಣ ಕಾಶಿ. ತಿರುಮಕೂಡಲು ದಕ್ಷಿಣದ ಪ್ರಯಾಗ. ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು. ತಲಕಾಡಿಗೆ ಅಲಮೇಲಮ್ಮನ ಶಾಪ. ಕಪಿಲೆ, ಕಾವೇರಿಯರ ದಂಡೆಯ ಈ ಊರುಗಳ ಬಗ್ಗೆ ವೇದಿಕೆ ಹತ್ತಿದ ಭಾಷಣಕಾರನಿಗೂ, ಪ್ರವಾಸಿ ಕೈಪಿಡಿ ಬರೆಯುವವನಿಗೂ, ಶಾಲೆಯ ಮೇಷ್ಟರಿಗೂ ಗೊತ್ತಿರುವುದು ಇಷ್ಟೇ. ಇಷ್ಟು ಗೊತ್ತಿದ್ದರೆ ಸಾಕು ಎಂಬ ಬಗ್ಗೆ ಅವರಿಗೆ ಸಂದೇಹವೂ ಇಲ್ಲ. ಒಂದು ಊರನ್ನಾದರೂ ಇನ್ನೊಂದು ಊರಿನ ಆಸರೆಯಿಲ್ಲದೆ ಹೊಗಳಲು ನಮಗೆ ಬರುತ್ತದೆಯೇ? ಹೊಗಳಿಕೆಯ ಮಾತು ಬಾಯಿಗೆ ಬರಬೇಕಾದರೆ ಮೊದಲು ಗಂಗಾತೀರಕ್ಕೆ ಹೋಗಿ ತಕ್ಕಡಿ ತರಬೇಕು.

ಭಕ್ತರನ್ನು ನಾನು ದೂರುತ್ತಿಲ್ಲ. ಹೊಳೆಯಲ್ಲಿ ಮುಳುಗಿ ಎದ್ದು ನಂಜುಂಡನಿಗೆ ಕೈಮುಗಿಯುವ ಹೆಂಗಸಿಗೆ ಕಾಶಿಯ ಹೋಲಿಕೆ ಬೇಕೂ ಇಲ್ಲ. ಅವಳಿಗೆ ಅವಳ ದೇವರಿದ್ದಾನೆ. ನನ್ನ ತಕರಾರು ಓದಿದವರ ಮೇಲೆ. ಅವರ ಪಾಠ ಬೇರೆ, ಕಾಯಿಲೆ ಅದೇ. ಈ ಸೀಮೆಯ ಚರಿತ್ರೆ ಬರೆಯಲು ಕೂತರೆ ಅವರ ಲೇಖನಿ ಕೋಲಾರದಿಂದ ಹೊರಟ ಗಂಗರ ಜೊತೆಯಲ್ಲೇ ತಲಕಾಡಿಗೆ ಬರುತ್ತದೆ. ಅದಕ್ಕೂ ಮೊದಲು? ಕಾಡು. ‘ದಟ್ಟ ಅರಣ್ಯ ಪ್ರದೇಶವಾಗಿತ್ತು’ ಎಂದು ಒಂದು ವಾಕ್ಯ. ಆಮೇಲೆ ಚೋಳರು ಬಂದರು, ಹೊಯ್ಸಳರು ಬಂದರು, ವಿಜಯನಗರದವರು ಬಂದರು, ಒಡೆಯರು ಬಂದರು. ಬಂದವರ ಪಟ್ಟಿ ಉದ್ದವಾಗಿದೆ. ಇದ್ದವರು ಯಾರು ಎಂದು ಕೇಳುವಂತಿಲ್ಲ.

ಇದ್ದವರು ಇದ್ದರು. 1960ರ ಆಸುಪಾಸಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿಯವರು ಟಿ. ನರಸೀಪುರದ ಸಂಗಮದ ಹತ್ತಿರ ಗುದ್ದಲಿ ಹಾಕಿಸಿದರು. ಸಿಕ್ಕಿದ್ದು ಚಿನ್ನವಲ್ಲ, ವಿಗ್ರಹವಲ್ಲ, ಶಾಸನವಲ್ಲ. ನಯಗೊಳಿಸಿದ ಕಲ್ಲಿನ ಕೊಡಲಿಗಳು, ಬೂದು ಬಣ್ಣದ ಉಜ್ಜಿದ ಮಡಕೆಗಳು, ಸುಟ್ಟಾದ ಮೇಲೆ ಕಾವಿ ಬಳಿದ ಚೂರುಗಳು, ನೆಲದಲ್ಲಿ ಗೂಟ ನೆಟ್ಟ ಗುರುತುಗಳು, ಮಡಕೆಗಳ ಜೊತೆಗೆ ಮಲಗಿಸಿ ಹೂತ ಮನುಷ್ಯರು. ಇಂಗಾಲದ ಪರೀಕ್ಷೆ ಈ ನೆಲೆಯನ್ನು ಸುಮಾರು ಕ್ರಿ.ಪೂ. 1800ರಷ್ಟು ಹಿಂದಕ್ಕೆ ಒಯ್ದಿತು. ಅಂದರೆ ರೋಮ್ ಎಂಬ ಊರು ಕಟ್ಟಿತೆಂದು ಅವರ ಪುರಾಣವೇ ಹೇಳುವ ಕಾಲಕ್ಕಿಂತ ಸಾವಿರ ವರ್ಷ ಮೊದಲು ಇಲ್ಲಿ ಜನ ತಟ್ಟಿಗೋಡೆಯ ಮನೆ ಕಟ್ಟಿಕೊಂಡು, ದನ ಸಾಕಿಕೊಂಡು, ಸತ್ತವರನ್ನು ಮರ್ಯಾದೆಯಿಂದ ಮಣ್ಣು ಮಾಡಿಕೊಂಡು ಬದುಕಿದ್ದರು. ದಕ್ಷಿಣದ ನವಶಿಲಾಯುಗದ ನೆಲೆಗಳ ಮಣ್ಣು ಸೋಸಿ ಸಸ್ಯ ಪುರಾತತ್ವಜ್ಞರು ಹೆಕ್ಕಿದ ಕಾಳುಗಳಲ್ಲಿ ಮೊದಲ ಸಾಲಿಗೆ ನಿಲ್ಲುವುವು ಹುರುಳಿ, ಹೆಸರು, ಕೊರಲೆ. ಗೋದಿಯಲ್ಲ, ಬಾರ್ಲಿಯಲ್ಲ. ಎಲ್ಲಿಂದಲೋ ಬಂದ ರಾಜ ತಂದುಕೊಟ್ಟ ಬೀಜಗಳೂ ಅಲ್ಲ. ಈ ನೆಲದವರೇ ಕಾಡಿನಿಂದ ಹೊಲಕ್ಕೆ ಇಳಿಸಿದ ಬೆಳೆಗಳು. ಇವತ್ತು ನಂಜನಗೂಡು ಸೀಮೆಯ ಮನೆಯಲ್ಲಿ ಹುರುಳಿಕಟ್ಟಿನ ಸಾರು ಕುದಿಯುತ್ತಿದ್ದರೆ ಅದಕ್ಕೆ ಯಾವ ಅರಮನೆಯ ಋಣವೂ ಇಲ್ಲ.

ಆ ಅಗೆತದಲ್ಲಿ ಇನ್ನೊಂದು ವಸ್ತು ಸಿಕ್ಕಿತು: ಮಣ್ಣಿನಲ್ಲಿ ಮಾಡಿ ಸುಟ್ಟ ತಲೆದಿಂಬು. ಪಕ್ಕದ ಹೆಮ್ಮಿಗೆಯಲ್ಲೂ ಅಂಥದ್ದು ದೊರೆತಿದೆ. ನಾಲ್ಕು ಸಾವಿರ ವರ್ಷಗಳ ಆಚೆ ಕಾವೇರಿಯ ದಡದಲ್ಲಿ ಒಬ್ಬಾಕೆಯೋ ಒಬ್ಬಾತನೋ ತಲೆಯಿಟ್ಟು ಮಲಗಿದ ದಿಂಬು. ಯಾರದು, ಯಾಕೆ ಬೇಕಾಯಿತು, ಕೇಶಾಲಂಕಾರ ಕೆಡದಿರಲೆಂದೋ, ಸತ್ತವರ ತಲೆಗೆಂದೋ? ಕೇಳಲು ಎಷ್ಟೊಂದಿದೆ! ಆದರೆ ಅದರ ಮಾತೆತ್ತಿದರೆ ಮೊದಲು ಬರುವ ಹೆಸರು ಈಜಿಪ್ಟ್. ಅಲ್ಲೂ ಇಂಥ ದಿಂಬುಗಳಿದ್ದವು ಎಂಬುದು ನಿಜ. ಹೋಲಿಕೆ ಮಾಡುವುದು ವಿದ್ವಾಂಸರ ಕೆಲಸ, ಮಾಡಲಿ. ಆದರೆ ನಾವು ಮಾತ್ರ ಆ ಹೋಲಿಕೆಯಲ್ಲೇ ನಿದ್ದೆ ಹೋಗಿಬಿಟ್ಟೆವು. ಪಿರಮಿಡ್ಡಿನ ನೆರಳು ಬಿದ್ದರಷ್ಟೇ ನರಸೀಪುರದ ದಿಂಬಿಗೆ ಬೆಲೆ ಎಂದು ಒಪ್ಪಿಕೊಂಡವರಿಗೆ ಆ ದಿಂಬು ಮಾಡಿದ ಕೈಯ ನೆನಪಾಗುವುದು ಯಾವಾಗ?

ಶೇಷಾದ್ರಿಯವರ ವರದಿ 1971ರಲ್ಲಿ ಸರ್ಕಾರದ ಇಲಾಖೆಯಿಂದಲೇ ಹೊರಬಂತು. ಇಂಗ್ಲಿಷಿನಲ್ಲಿ. ಅರ್ಧ ಶತಮಾನ ದಾಟಿತು. ಯಾವ ಮಣ್ಣಿನ ಕಥೆಯೋ ಆ ಮಣ್ಣಿನ ಮಕ್ಕಳ ಕೈಗೆ ಅದು ಕನ್ನಡದಲ್ಲಿ ತಲುಪಿದೆಯೇ? ನರಸೀಪುರದ ಪ್ರೌಢಶಾಲೆಯ ಹುಡುಗಿ ಮೊಹೆಂಜೊದಾರೊದ ಸ್ನಾನಗೃಹದ ಉದ್ದಗಲ ಬಾಯಿಪಾಠ ಹೇಳುತ್ತಾಳೆ; ತನ್ನ ಬಸ್ ಹತ್ತುವ ಊರಿನ ಕೆಳಗೆ ಯಾರ ಮನೆಯಿತ್ತು ಎಂದು ಅವಳಿಗೆ ಹೇಳಿದವರು ಯಾರು?

ಇನ್ನು ಕುಂಭಮೇಳಕ್ಕೆ ಬರೋಣ. ತಿರುಮಕೂಡಲಿನ ಸಂಗಮದಲ್ಲಿ ಅದು ಶುರುವಾದದ್ದು 1989ರಲ್ಲಿ. 2025ರ ಫೆಬ್ರವರಿಯಲ್ಲಿ ಮತ್ತೆ ನಡೆಯಿತು. ಮಂತ್ರಿಗಳು, ಮಠಾಧೀಶರು, ತಾತ್ಕಾಲಿಕ ಸೇತುವೆ, ದೀಪಾಲಂಕಾರ, ಆರತಿ, ಎಲ್ಲವೂ ಇದ್ದವು. ಮೇಳ ನಡೆಯಬಾರದೆಂದು ನಾನು ಹೇಳುತ್ತಿಲ್ಲ. ಜನ ಸೇರುವುದು ಒಳ್ಳೆಯದೇ. ಆದರೆ ಈ ಲೆಕ್ಕ ನೋಡಿ: ನಲವತ್ತು ವರ್ಷ ತುಂಬದ ಮೇಳವನ್ನು ‘ಅನಾದಿ ಪರಂಪರೆ’ ಎನ್ನುತ್ತೇವೆ, ಅದೇ ನೀರಿನ ಅಂಚಿನಲ್ಲಿ ನಾಲ್ಕು ಸಾವಿರ ವರ್ಷಗಳಷ್ಟು ಹಳೆಯದಾದ ಊರನ್ನು ‘ಏನೋ ಹಳೇ ಮಡಕೆ ಸಿಕ್ಕಿತ್ತಂತೆ’ ಎನ್ನುತ್ತೇವೆ. ಸಂಗಮದಲ್ಲಿ ಮಿಂದವರಲ್ಲಿ ಎಷ್ಟು ಮಂದಿಗೆ ತಾವು ಯಾರ ಅಂಗಳದಲ್ಲಿ ನಿಂತಿದ್ದೇವೆ ಎಂದು ತಿಳಿದಿತ್ತು?

ಇದೇ ತಾಲ್ಲೂಕಿನ ಸೋಮನಾಥಪುರ 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸೋಮನಾಥ ದಂಡನಾಯಕ 13ನೇ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇವಾಲಯಕ್ಕೆ ಆ ಗೌರವ ಸಲ್ಲಬೇಕಾದದ್ದೇ. ಆದರೆ ಅದಾದ ಮೇಲಿನ ಸಂಭ್ರಮದಲ್ಲಿ ಒಬ್ಬರಾದರೂ, ಇದೇ ತಾಲ್ಲೂಕಿನಲ್ಲಿ ಆ ಗುಡಿಗಿಂತ ಮೂರು ಸಾವಿರ ವರ್ಷ ಹಿರಿಯದಾದ ನೆಲೆಯೊಂದಿದೆ, ಅದಕ್ಕೇನು ಮಾಡೋಣ ಎಂದು ಗಟ್ಟಿಯಾಗಿ ಕೇಳಿದರೇ? ಕೆತ್ತಿದ ಕಲ್ಲಿಗೆ ಮಾತ್ರ ನಮ್ಮಲ್ಲಿ ಓಟಿನ ಹಕ್ಕು. ಗೂಟದ ಗುಂಡಿಗೆ ಇಲ್ಲ.

ನಂಜನಗೂಡಿನ ಸೇತುವೆಯ ಕಥೆಯಂತೂ ನಗು ತರಿಸುತ್ತದೆ. ಕಳಲೆಯ ದಳವಾಯಿ ದೇವರಾಜನ ಕಾಲದಲ್ಲಿ, 1735ರಲ್ಲಿ, ಕಪಿಲೆಗೆ ಅಡ್ಡಲಾಗಿ ಕಲ್ಲು-ಇಟ್ಟಿಗೆಯ ಸೇತುವೆ ಎದ್ದಿತು. ಎತ್ತಿನ ಗಾಡಿ, ಯಾತ್ರಿಕರು, ಸೈನ್ಯ ಸಾಗಲೆಂದು ಇಲ್ಲಿನ ಕಸುಬುದಾರರು ಕಟ್ಟಿದ ಸೇತುವೆ. ಒಂದೂವರೆ ಶತಮಾನದಷ್ಟು ಕಾಲ ಹೊಳೆಯ ನೆರೆಯನ್ನು ತಡೆದು ನಿಂತ ಮೇಲೆ ಅದರ ಮೇಲೆ ಬ್ರಿಟಿಷರ ಕಾಲದ ರೈಲು ಓಡಿತು. ಈಗ ಅದನ್ನು ಏನೆಂದು ಮೆರೆಸುತ್ತೇವೆ? ‘ದೇಶದ ಅತಿ ಹಳೆಯ ರೈಲು ಸೇತುವೆ’! ಉಗಿಬಂಡಿಯೇ ಹುಟ್ಟಿರದಿದ್ದ ಕಾಲದ ಕಟ್ಟಡಕ್ಕೆ ಉಗಿಬಂಡಿಯ ಬಿರುದು. ಆ ಕಮಾನುಗಳನ್ನು ಎತ್ತಿದವರ ಗಾರೆ, ಅವರ ಲೆಕ್ಕ, ಹೊಳೆಯ ಸ್ವಭಾವ ಬಲ್ಲ ಅವರ ಬುದ್ಧಿ, ಯಾವುದೂ ನಮ್ಮ ಹೆಮ್ಮೆಗೆ ಸಾಲಲಿಲ್ಲ.

ಈ ಚಾಳಿ ಹೊಸದಲ್ಲ, ಗೆದ್ದವರೇ ಕಲಿಸಿಕೊಟ್ಟದ್ದು. ಚೋಳರು ತಲಕಾಡನ್ನು ಹಿಡಿದು ರಾಜರಾಜಪುರವೆಂದರು; ಗಂಗವಾಡಿಯನ್ನು ಮುಡಿಗೊಂಡ ಚೋಳಮಂಡಲವೆಂದರು. ವಿಷ್ಣುವರ್ಧನ 1116ರ ಹೊತ್ತಿಗೆ ಅವರನ್ನು ಹೊರದಬ್ಬಿ ತಾನು ‘ತಲಕಾಡುಗೊಂಡ’ನೆಂದ. ಗಡಿಸೀಮೆಯ ಪಾಡು ಯಾವ ಕಾಲಕ್ಕೂ ಇದೇ: ಹಿಡಿದವನ ಬಿರುದಿನಲ್ಲಿ ಅದು ಬೇಟೆಯ ಮೃಗ. ಶಾಸನ ಓದುವಾಗ ಗೊಂಡವನನ್ನು ಮಾತ್ರ ನೋಡಿ ಗದ್ದೆ ಉಳುತ್ತಿದ್ದವನನ್ನು ನೋಡದಿರುವುದು ಮಾತ್ರ ನಮ್ಮದೇ ಸೋಮಾರಿತನ. ಬಿ.ಎಲ್. ರೈಸ್ 1894ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ ನಂಜನಗೂಡು, ನರಸೀಪುರ ತಾಲ್ಲೂಕುಗಳ ಶಾಸನಗಳನ್ನು ಹಳ್ಳಿ ಹಳ್ಳಿಯಿಂದ ಕೂಡಿಹಾಕಿದ. ಅವುಗಳಲ್ಲಿ ಕೆರೆ ಕಟ್ಟಿಸಿದವರಿದ್ದಾರೆ, ತುರು ಕಾಯುತ್ತ ಸತ್ತವರಿದ್ದಾರೆ, ಗದ್ದೆಯ ಎಲ್ಲೆಯಲ್ಲಿ ನಿಂತ ಹುತ್ತ, ಬೇವಿನ ಮರಗಳಿವೆ. ನಾವು ಹೆಕ್ಕಿಕೊಂಡದ್ದು ಬಿರುದಾವಳಿಯನ್ನು.

ರೋಮಿನ ಮಾತು ಬಂದರಂತೂ ನಮ್ಮ ವಿದ್ವಾಂಸರ ಕಣ್ಣು ಹೊಳೆಯುತ್ತವೆ. ಚಂದ್ರವಳ್ಳಿಯಲ್ಲಿ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯ ಸಿಕ್ಕಿದವು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ಅಂಥದೇ ನಾಣ್ಯಗಳ ಗಂಟೇ ಸಿಕ್ಕಿತು. ಒಂದು ಊರಿನಲ್ಲಿ ರೋಮನ್ ನಾಣ್ಯ ಬಿತ್ತೆಂದರೆ ಅದು ಚರಿತ್ರೆಯ ಊರು, ಬೀಳದಿದ್ದರೆ ಹಳ್ಳಿ. ಆದರೆ ನಾಣ್ಯ ಇಲ್ಲಿಗೆ ಬಂದದ್ದು ಯಾಕೆ? ಅವರಿಗೆ ನಮ್ಮಿಂದ ಏನೋ ಬೇಕಿತ್ತು, ಅದಕ್ಕೆ. ಭಾರತದ ಸರಕಿಗಾಗಿ ವರ್ಷವರ್ಷವೂ ಕೋಟಿಗಟ್ಟಲೆ ಹಣ ಹರಿದುಹೋಗುತ್ತಿದೆ ಎಂದು ಪ್ಲಿನಿ ಗೊಣಗಿದ್ದು ಇದೇ ಕಾರಣಕ್ಕೆ. ಅದೇ ಪ್ಲಿನಿ ಬೆರಿಲ್ ಎಂಬ ಹರಳು ಭಾರತದ್ದೇ, ಬೇರೆಡೆ ಅಪರೂಪ ಎಂದ. 2ನೇ ಶತಮಾನದಲ್ಲಿ ಭೂಗೋಳ ಬರೆದ ಟಾಲೆಮಿ, ಬೆರಿಲ್ ದೊರೆಯುವ ಒಳನಾಡಿನ ಜಾಗವೊಂದನ್ನು ಹೆಸರಿಸಿ ಗುರುತು ಮಾಡಿದ: ಪುನ್ನಾಟ.

ಪುನ್ನಾಟ ಎಲ್ಲಿ? ನಂಜನಗೂಡಿನ ಮುಂದೆ ಹರಿಯುವ ಇದೇ ಕಪಿಲೆಯ ಮೇಲ್ಭಾಗದಲ್ಲಿ. ವಯನಾಡಿನ ಬೆಟ್ಟಗಳಿಂದ ಇಳಿದ ಹೊಳೆ ಹೆಗ್ಗಡದೇವನಕೋಟೆಯ ಸೀಮೆಗೆ ಬಂದಲ್ಲಿ ಅದರ ರಾಜಧಾನಿ ಕೀರ್ತಿಪುರ, ಅಂದರೆ ಕಿತ್ತೂರು. ತಾಮ್ರಶಾಸನಗಳಲ್ಲಿ ರಾಷ್ಟ್ರವರ್ಮ, ನಾಗದತ್ತ, ಭುಜಗ, ಸ್ಕಂದವರ್ಮ, ರವಿದತ್ತ ಎಂಬ ಅರಸರ ಹೆಸರು ಉಳಿದಿವೆ. ಗಂಗರ ದುರ್ವಿನೀತ ಪುನ್ನಾಟದ ರಾಜಕುಮಾರಿಯ ಮಗ. ಆ ನಾಡು ಗಂಗರ ಕೈ ಸೇರಿದ್ದು ಆ ನಂಟಿನ ದಾರಿಯಲ್ಲಿ. 783ರಲ್ಲಿ ದೂರದ ಪಶ್ಚಿಮದಲ್ಲಿ ಕೂತು ‘ಹರಿವಂಶಪುರಾಣ’ ಮುಗಿಸಿದ ಜಿನಸೇನ ತನ್ನನ್ನು ಪುನ್ನಾಟ ಸಂಘದವನೆಂದು ಹೇಳಿಕೊಂಡ. ಅಲೆಕ್ಸಾಂಡ್ರಿಯಾದ ಭೂಗೋಳಜ್ಞನಿಗೆ ಗೊತ್ತಿದ್ದ, ನಾಡು ಬಿಟ್ಟು ಹೋದ ಜೈನ ಮುನಿಗಳಿಗೆ ನೆನಪಿದ್ದ ಪುನ್ನಾಟ, ಮೈಸೂರಿನ ಬಸ್ ನಿಲ್ದಾಣದಲ್ಲಿ ನಿಂತು ಕೇಳಿದರೆ ಎಷ್ಟು ಮಂದಿಗೆ ಗೊತ್ತು? ಗೊತ್ತಿರುವ ಕೆಲವರಾದರೂ ಅದನ್ನು ಹೇಳುವ ರೀತಿ ನೋಡಿ: ‘ಟಾಲೆಮಿಯೇ ಉಲ್ಲೇಖಿಸಿದ್ದಾನೆ.’ ಆ ‘ಏ’ಕಾರದಲ್ಲಿ ಎಲ್ಲ ಇದೆ. ಹರಳು ತೋಡಿದವನು ಯಾರು, ಉಜ್ಜಿದವನು ಯಾರು, ಹೊತ್ತು ಸಾಗಿಸಿದವನು ಯಾರು ಎಂಬುದು ಬೇಡ. ಗ್ರೀಕ್ ಲಿಪಿಯಲ್ಲಿ ಒಂದು ಸಾಲು ಸಾಕು, ನಾವು ಪಾವನರಾದೆವು.

ಆ ಕಿತ್ತೂರು ಈಗೆಲ್ಲಿ? ಕಪಿಲೆಗೆ ಅಡ್ಡಲಾಗಿ ಬೀಚನಹಳ್ಳಿಯಲ್ಲಿ ಕಟ್ಟಿದ ಕಬಿನಿ ಅಣೆಕಟ್ಟು 1974ರಲ್ಲಿ ಮುಗಿಯಿತು. ಹಿನ್ನೀರು ನುಂಗಿದ ಊರುಗಳಲ್ಲಿ ಪುನ್ನಾಟದ ರಾಜಧಾನಿಯೂ ಒಂದು. ನೀರು ಬೇಕಿತ್ತು, ಒಪ್ಪೋಣ. ಕೆಳಗಿನ ಗದ್ದೆಗಳು ಆ ನೀರನ್ನೇ ಕುಡಿಯುತ್ತಿವೆ. ಆದರೆ ಮುಳುಗಿಸುವ ಮೊದಲು ಏನು ಮಾಡಬೇಕೆಂದು ಈ ದೇಶಕ್ಕೆ ಗೊತ್ತಿರಲಿಲ್ಲವೇ? ಕೃಷ್ಣಾನದಿಯ ನಾಗಾರ್ಜುನಕೊಂಡದಲ್ಲಿ 1954ರಿಂದ 1960ರವರೆಗೆ ಕಣಿವೆಯನ್ನೇ ಅಗೆದು, ಕಟ್ಟಡಗಳನ್ನು ಎತ್ತಿ ಬೆಟ್ಟದ ತಲೆಗೆ ಸಾಗಿಸಿ, ಮ್ಯೂಸಿಯಂ ಕಟ್ಟಿದ ದೇಶ ಇದೇ ಅಲ್ಲವೇ? ಅಲ್ಲಿ ಬೌದ್ಧ ಸ್ತೂಪಗಳಿದ್ದವು, ಜಗತ್ತು ನೋಡುತ್ತಿತ್ತು. ಕಿತ್ತೂರಿನ ಕಡೆಗೆ ನೋಡುತ್ತಿದ್ದವರು ಯಾರು? ತುರ್ಕಿಯಲ್ಲಿ ಯೂಫ್ರೆಟಿಸ್ ದಂಡೆಯ ಜೂಗ್ಮಾ, ರೋಮನ್ ಸೈನ್ಯ ಬೀಡುಬಿಟ್ಟಿದ್ದ ಗಡಿಪಟ್ಟಣ, 2000ದಲ್ಲಿ ಬಿರೆಜಿಕ್ ಅಣೆಕಟ್ಟಿನ ನೀರಿಗೆ ಸಿಕ್ಕಾಗ ಲೋಕವೆಲ್ಲ ಹುಯಿಲೆಬ್ಬಿಸಿತು. ಹಗಲಿರುಳು ಅಗೆದು ಮೊಸಾಯಿಕ್ ನೆಲಹಾಸುಗಳನ್ನು ಎತ್ತಿದರು. 2011ರಲ್ಲಿ ಗಾಜಿಯಾಂಟೆಪ್‌ನಲ್ಲಿ ಅದಕ್ಕೆಂದೇ ಮ್ಯೂಸಿಯಂ ತೆರೆದರು. ಪುನ್ನಾಟದ ಹೆಸರಿನ ಮ್ಯೂಸಿಯಂ ಎಲ್ಲಿದೆ, ತೋರಿಸಿ. ಆನೆ ನೋಡಲು ಕಬಿನಿಯ ರೆಸಾರ್ಟಿಗೆ ಬಂದವನ ದೋಣಿ ಒಂದು ರಾಜಧಾನಿಯ ಮೇಲೆ ತೇಲುತ್ತಿದೆ ಎಂದು ಅವನಿಗೆ ಹೇಳುವವರಿಲ್ಲ.

ಯುರೋಪಿನವರು ತಮ್ಮ ಗಡಿನದಿಗಳನ್ನು ಹೇಗೆ ನೋಡಿಕೊಂಡಿದ್ದಾರೆ ಎಂದು ಒಮ್ಮೆ ಕಣ್ಣು ಹಾಯಿಸಿ. ಡ್ಯಾನ್ಯೂಬ್ ನದಿ ರೋಮಿನ ಅಂಚು. ಅದರ ದಡದ ಕಾರ್ನುಂಟಮ್‌ನಂಥ ಪಟ್ಟಣ, ಸಣ್ಣ ಸಣ್ಣ ಕಾವಲು ಗೋಪುರ, ಸಿಪಾಯಿಗಳ ಅಡುಗೆಮನೆ ಎಲ್ಲವನ್ನೂ ಗುರುತಿಸಿ, ಜರ್ಮನಿ, ಆಸ್ಟ್ರಿಯ, ಸ್ಲೊವಾಕಿಯಗಳ ಪಾಲಿನ ಅಂಚನ್ನು 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಹಾಗೆಂದು ಅವರಲ್ಲಿ ನಮ್ಮ ಕಾಯಿಲೆ ಇಲ್ಲವೆಂದಲ್ಲ. ಆಲ್ಪ್ಸ್ ಬೆಟ್ಟಸೀಮೆಯ ನೋರಿಕಂ ರೋಮಿನ ಪ್ರಾಂತ್ಯವಾಗುವ ಮೊದಲೇ ಅಲ್ಲಿನ ಕಬ್ಬಿಣಕ್ಕಾಗಿ ಇಟಲಿಯ ವ್ಯಾಪಾರಿಗಳು ಬೆಟ್ಟ ಹತ್ತಿ ಬಂದು ಕೂತಿದ್ದರು. ಹಾಲ್‌ಸ್ಟಾಟ್‌ನ ಉಪ್ಪಿನ ಗಣಿ ರೋಮಿಗಿಂತ ಹಳೆಯದು. ಆದರೂ ‘ರೋಮನ್ನರು ಬಂದು ನಾಗರಿಕತೆ ತಂದರು’ ಎಂದು ಅಲ್ಲಿಯೂ ತಲೆಮಾರುಗಳವರೆಗೆ ಪಾಠ ಹೇಳಿದರು. ಒಂದು ವ್ಯತ್ಯಾಸವಿದೆ. ಅಲ್ಲಿ ಹಾಲ್‌ಸ್ಟಾಟ್‌ಗೆ ಅದರದೇ ಮ್ಯೂಸಿಯಂ ಇದೆ, ಆ ಗಣಿಯೂರಿನ ಹೆಸರಿನಲ್ಲಿ ಒಂದು ಯುಗವನ್ನೇ ಕರೆಯುತ್ತಾರೆ. (ಎರವಲು ಬೇಡವೆನ್ನುವವನು ಯುರೋಪಿನ ಉದಾಹರಣೆ ತರುವುದೇ ಎಂದು ಕೆಣಕುವವರಿಗೆ: ನಾಚಿಕೆಯಾದರೂ ಎರವಲು ಬರಲಿ ಎಂದು ತಂದೆ.)

ತಲಕಾಡಿನ ಶಾಪದ ಕಥೆ ಈ ಎಲ್ಲಕ್ಕಿಂತ ಹೆಚ್ಚು ಕೆಡುಕು ಮಾಡಿದೆ ಎಂದರೆ ಜನ ಸಿಟ್ಟಾಗುತ್ತಾರೆ. ಎಷ್ಟು ಸೊಗಸಾದ ಕಥೆ! ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣ ಹಿಡಿದದ್ದು, ಒಡವೆಗಾಗಿ ಬೆನ್ನಟ್ಟಿದ್ದು, ಅಲಮೇಲಮ್ಮ ತಲಕಾಡು ಮರಳಾಗಲೆಂದು ಶಪಿಸಿ ಮಾಲಂಗಿಯ ಮಡುವಿಗೆ ಹಾರಿದ್ದು. ಕಥೆಯಾಗಿ ನನಗೂ ಇಷ್ಟ. ಸೋತ ಹೆಂಗಸೊಬ್ಬಳ ಸಿಟ್ಟನ್ನು ಜನ ನಾಲ್ಕು ಶತಮಾನ ಕಾಪಾಡಿದರಲ್ಲ, ಅದು ಸಣ್ಣ ಮಾತಲ್ಲ. ಆದರೆ ಅದನ್ನೇ ಕಾರಣವೆಂದು ಪಠ್ಯದಲ್ಲಿ, ಫಲಕದಲ್ಲಿ, ಟಿವಿಯಲ್ಲಿ ಮಾರುವುದು ಬೇರೆ. ಮರಳಿಗೆ ಕಾರಣ ಶಾಪವೆಂದಾದರೆ ಯಾರೂ ಏನೂ ಉತ್ತರ ಹೇಳಬೇಕಿಲ್ಲ. ತಲಕಾಡಿನ ಮೇಲ್ಭಾಗದಲ್ಲಿ 14ನೇ ಶತಮಾನದ ಮಾಧವಮಂತ್ರಿ ಕಟ್ಟೆ ಹೊಳೆಯ ನಡೆಯನ್ನು ಬದಲಿಸಿತೆ, ತಿರುವಿನಲ್ಲಿ ಒಣಗಿದ ಪಾತ್ರದ ಮರಳನ್ನು ಗಾಳಿ ಊರಿನ ಮೇಲೆ ಹೊತ್ತು ತಂದಿತೆ ಎಂದು ವಿಜ್ಞಾನಿ, ಲೇಖಕ ಕೆ.ಎನ್. ಗಣೇಶಯ್ಯನವರು ಚರ್ಚೆಯನ್ನೇ ಎತ್ತಿದರು. ಅಣೆ ಕಟ್ಟಿದರೆ ಕೆಳಗಿನ ಊರಿಗೆ ಏನಾಗುತ್ತದೆ ಎಂಬ ಪಾಠ ಅದು. ಕಾವೇರಿ ಕಣಿವೆಯವರಿಗೆ ಇದಕ್ಕಿಂತ ಬೇಕಾದ ಪಾಠ ಯಾವುದಿದೆ? ನಾವು ಆಯ್ದುಕೊಂಡದ್ದು ಶಾಪ. ಮತ್ತೆ, ಶಾಪದ ಮರಳೇ ಆಗಿದ್ದರೆ, ಹೊಳೆಯ ಒಡಲಿನಿಂದ ಅದನ್ನು ರಾತ್ರೋರಾತ್ರಿ ಲಾರಿಗೆ ತುಂಬುವವರಿಗೆ ಅದು ತಟ್ಟುವುದಿಲ್ಲವೇಕೆ?

‘ಇರಲಿ ಬಿಡಿ, ಇದರಿಂದ ಯಾರಿಗೇನು ನಷ್ಟ? ಯಾತ್ರಿಕರು ಬರುತ್ತಾರೆ, ಅಂಗಡಿ ನಡೆಯುತ್ತದೆ’ ಎನ್ನುತ್ತಾರೆ. ನಷ್ಟ ಹೇಳುತ್ತೇನೆ. ಬೆಲೆಯಿಲ್ಲವೆಂದು ತೀರ್ಮಾನವಾದ ನೆಲವನ್ನು ಯಾರು ಬೇಕಾದರೂ ಏನು ಬೇಕಾದರೂ ಮಾಡಬಹುದು. ಕಂದಾಯದ ಕಡತದಲ್ಲಿ ಬೇಚಿರಾಕ್ ಗ್ರಾಮವೆಂದು ಬರೆದಿರುವ ಹಾಳೂರು ಕಂಡರೆ ನಮಗೆ ಕಾಣುವುದು ಖಾಲಿ ಜಮೀನು. ಅಲ್ಲಿನ ಬೂದಿಮಣ್ಣು ಗದ್ದೆಗೆ ಗೊಬ್ಬರ, ಇಟ್ಟಿಗೆ ಗೂಡಿಗೆ ಮಣ್ಣು, ಬಡಾವಣೆಗೆ ನಿವೇಶನ, ನಿಧಿಗಳ್ಳರಿಗೆ ಅಮಾವಾಸ್ಯೆಯ ಆಟದ ಬಯಲು. 1961ರ ರಾಜ್ಯದ ಕಾಯಿದೆ ಸ್ಮಾರಕಗಳಿಗಷ್ಟೇ ಅಲ್ಲ, ಪುರಾತತ್ವ ನೆಲೆಗಳಿಗೂ ಅನ್ವಯಿಸುತ್ತದೆ. ಆದರೆ ಕಾಯಿದೆಯ ಕೈ ಚಾಚಬೇಕಾದರೆ ಮೊದಲು ಯಾರಾದರೂ ‘ಇದು ನೆಲೆ’ ಎಂದು ಬೆರಳು ತೋರಿಸಬೇಕು. ಗೋಪುರವಿಲ್ಲದ ಕಡೆಗೆ ಬೆರಳು ಏಳುವುದೇ ಇಲ್ಲ. ರೈತನನ್ನು ಬೈದು ಪ್ರಯೋಜನವಿಲ್ಲ. ಅವನ ಹೊಲದ ಮಡಕೆ ಚೂರು ಅವನ ಅಜ್ಜನ ಅಜ್ಜನ ಅಜ್ಜಿಯದೆಂದು ಅವನಿಗೆ ಹೇಳದೆ, ಹರಳು ಕೊಂಡವನ ಊರಿನ ಹೆಸರು ಮಾತ್ರ ಹೇಳಿದವರು ನಾವು.

ಹೀಗಾಗಿ ಕೆಲಸ ಮಾಡಬೇಕಾದವರ ಹೆಸರು ಹಿಡಿದು ಕೇಳೋಣ. ಪುರಾತತ್ವ ಇಲಾಖೆ 1971ರ ವರದಿಯನ್ನು ಕನ್ನಡಕ್ಕೆ ತಂದು, ಚಿತ್ರಗಳ ಸಮೇತ, ಎರಡೂ ತಾಲ್ಲೂಕಿನ ಪ್ರತಿಯೊಂದು ಪ್ರೌಢಶಾಲೆಗೆ ಹಂಚಲಿ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಪ್ರಾಧ್ಯಾಪಕರೊಬ್ಬರು ತೆರೆದ ನೆಲೆಯ ಮೂಳೆ, ಮಡಕೆ, ಮಣ್ಣುಗಳನ್ನು ಇಂದಿನ ವಿಧಾನಗಳಿಂದ ಮತ್ತೆ ಪರೀಕ್ಷೆಗೊಳಪಡಿಸಲಿ. ಅರುವತ್ತು ವರ್ಷದ ಹಿಂದೆ ಇಲ್ಲದಿದ್ದ ಎಷ್ಟೋ ಉಪಕರಣಗಳು ಈಗಿವೆ. ಬೇಸಿಗೆಯಲ್ಲಿ ಕಬಿನಿಯ ಹಿನ್ನೀರು ಇಳಿದಾಗ ಕಿತ್ತೂರಿನ ನೆಲದ ಸಮೀಕ್ಷೆ ಆಗಲಿ, ಪ್ರತಿ ವರ್ಷ ಆಗಲಿ. ಬೀಚನಹಳ್ಳಿಯಿಂದ ಸಂಗಮದವರೆಗೆ ಕಪಿಲೆಯ ಎರಡೂ ದಂಡೆಯ ಹಾಳೂರು, ದಿಬ್ಬಗಳನ್ನು ಪಹಣಿಯ ಸರ್ವೆ ನಂಬರ್ ಹಿಡಿದು ಗುರುತಿಸಿ, ಆ ಪಟ್ಟಿ ತಹಶೀಲ್ದಾರರ ಮೇಜಿನ ಮೇಲಿರಲಿ. ಅದನ್ನು ನೋಡದೆ ಬಡಾವಣೆಗೆ, ಕಾಲುವೆಗೆ, ಮಣ್ಣು ಸಾಗಣೆಗೆ ರುಜು ಬೀಳಕೂಡದು. ನರಸೀಪುರದಲ್ಲಿ ಒಂದು ಮ್ಯೂಸಿಯಂ ಬೇಕು. ಅದರ ಮೊದಲ ಕೋಣೆಯಲ್ಲಿ ತಾಮ್ರಪಟವಲ್ಲ, ಆ ಮಣ್ಣಿನ ದಿಂಬು ಇರಬೇಕು. ಊರಿನವರು ಮೈಸೂರಿಗೆ ಬಸ್ ಹಿಡಿದು ಹೋಗಿ ತಮ್ಮ ಪೂರ್ವಿಕರನ್ನು ನೋಡುವ ಸ್ಥಿತಿ ಯಾಕೆ?

ಮೂರು ವರ್ಷಕ್ಕೊಮ್ಮೆ ಎಂಬ ಲೆಕ್ಕದಲ್ಲಿ ಮುಂದಿನ ಕುಂಭಮೇಳ 2028ಕ್ಕೆ. ಹಣವಿಲ್ಲ ಎಂಬ ಮಾತನ್ನು ಸಂಗಮದಲ್ಲಿ ನಿಂತು ಹೇಳುವ ಧೈರ್ಯ ಯಾವ ಸರ್ಕಾರಕ್ಕೂ ಇರಲಾರದು. ಶಾಮಿಯಾನಕ್ಕೆ ಎಷ್ಟು ಸುರಿಯುತ್ತಾರೆಂದು ಜನ ನೋಡಿದ್ದಾರೆ. ಅದರ ಒಂದು ಪಾಲನ್ನು ಈ ವರ್ಷವೇ ತೆಗೆದಿಡಲಿ. ಮೇಳಕ್ಕೆ ಬರುವ ಲಕ್ಷಾಂತರ ಜನರ ದಾರಿಯಲ್ಲೇ ಆ ಹಳೆಯ ಊರಿನ ಮನೆಯೊಂದನ್ನು, ಗೂಟ, ತಟ್ಟಿ, ಸಾರಿಸಿದ ನೆಲ, ಒಲೆಯ ಸಮೇತ, ಇದ್ದಳತೆಯಲ್ಲಿ ಕಟ್ಟಿ ನಿಲ್ಲಿಸಲಿ. ಎದುರಿಗೆ ಕನ್ನಡದಲ್ಲಿ ಫಲಕ ಹಾಕಲಿ, ಇವರು ಯಾರು, ಎಂದು ಇದ್ದರು, ಏನು ಉಂಡರು ಎಂದು. ಅದರಲ್ಲಿ ಕಾಶಿ, ಪ್ರಯಾಗ, ರೋಮ್, ಈಜಿಪ್ಟ್ ಎಂಬ ನಾಲ್ಕು ಹೆಸರುಗಳಲ್ಲಿ ಒಂದೂ ಇರಕೂಡದು. ಮಾಡದಿದ್ದರೆ ನರಸೀಪುರ, ನಂಜನಗೂಡಿನವರು ವೇದಿಕೆಯ ಮೇಲಿದ್ದವರನ್ನು ಅಲ್ಲೇ, ಎಲ್ಲರೆದುರಿಗೇ ನಿಲ್ಲಿಸಿ ಕೇಳಬೇಕು: ನಮ್ಮ ಊರಿನ ಲೆಕ್ಕ ಎಲ್ಲಿ, ಕೊಡಿ.